ಪೆಟ್ಟಿಗೆಯ ಮೇಲಿನ ಮಾತುಗಳು: ಲೈಡಾರ್‌ನಿಂದ ಮ್ಯಾಟರ್‌ವರೆಗೆ

ಪ್ರಶ್ನೆ: ತೀರ್ಥಹಳ್ಳಿಯ ಸಮೀಪ ಕಟ್ಟಿಸುತ್ತಿರುವ ನಮ್ಮ ಮನೆಯ ಕೆಲಸ ವೈರಿಂಗ್ ಹಂತಕ್ಕೆ ಬಂದಿದೆ. ನ್ಯೂಜೆರ್ಸಿಯಲ್ಲಿರುವ ಮಗಳು ದೀಪಾವಳಿಗೆ ಬರುವಾಗ ನೆಲ ಗುಡಿಸುವ ರೋಬೋಟನ್ನೂ ಕೆಲವು ಸ್ಮಾರ್ಟ್ ಸಾಮಾನುಗಳನ್ನೂ ತರುತ್ತೇನೆ ಎನ್ನುತ್ತಿದ್ದಾಳೆ. ಅವಳು ಕಳುಹಿಸಿದ ವಿವರಗಳಲ್ಲಿ ಲೈಡಾರ್, ಸ್ಲ್ಯಾಮ್, 5000 ಪಾಸ್ಕಲ್, ಹೆಪಾ, ಜಿಗ್‌ಬೀ, ಥ್ರೆಡ್, ಮ್ಯಾಟರ್, ಹಬ್, ಕ್ಲೌಡ್ ಎಂಬ ಪದಗಳಿವೆ. ನಾನು ನಿವೃತ್ತ ಗಣಿತ ಶಿಕ್ಷಕ. ಇವುಗಳಲ್ಲಿ ತಿಳಿದುಕೊಳ್ಳಲೇಬೇಕಾದದ್ದು ಯಾವುದು, ಬರಿಯ ಮಾರಾಟದ ಮಾತು ಯಾವುದು? ಎಲೆಕ್ಟ್ರಿಷಿಯನ್‌ಗೆ ಈಗಲೇ ಏನಾದರೂ ಹೇಳಬೇಕೆ? ದೇವರಮನೆಯ ಮುಂದಿನ ರಂಗೋಲಿಯ ಗತಿ ಏನು ಎಂಬುದು ನಮ್ಮ ಮನೆಯವರ ಪ್ರಶ್ನೆ.

ಉತ್ತರ: ಗೋಡೆಗೆ ಗಾರೆ ಬೀಳುವ ಮೊದಲೇ ಕೇಳಿದ್ದೀರಿ, ಆದ್ದರಿಂದ ಎಲೆಕ್ಟ್ರಿಷಿಯನ್‌ಗೆ ಹೇಳಬೇಕಾದ ಮಾತಿನಿಂದಲೇ ಆರಂಭಿಸುತ್ತೇನೆ. ಉಳಿದ ಪದಗಳನ್ನು ದೀಪಾವಳಿಯವರೆಗೆ ನಿಧಾನವಾಗಿ ಅರಗಿಸಿಕೊಳ್ಳಬಹುದು, ಆದರೆ ‘ನ್ಯೂಟ್ರಲ್’ ಎಂಬ ಪದಕ್ಕೆ ಅಷ್ಟು ವ್ಯವಧಾನವಿಲ್ಲ. ಮಾಮೂಲಿ ಸ್ವಿಚ್ಚಿಗೆ ಫೇಸ್ ತಂತಿ ಒಂದು ಬದಿಯಿಂದ ಬಂದು ಇನ್ನೊಂದು ಬದಿಯಿಂದ ದೀಪದ ಕಡೆಗೆ ಹೋಗುತ್ತದೆ. ನ್ಯೂಟ್ರಲ್ ತಂತಿಗೆ ಅಲ್ಲಿ ಕೆಲಸವಿಲ್ಲದ ಕಾರಣ, ಪ್ಲಗ್ ಪಾಯಿಂಟ್ ಇಲ್ಲದ ಬೋರ್ಡುಗಳಿಗೆ ಅದನ್ನು ಎಳೆಯದೆ ಬಿಡುವುದುಂಟು. ಸ್ಮಾರ್ಟ್ ಸ್ವಿಚ್ಚಿನೊಳಗೆ ಫೋನಿನಿಂದ ಬರುವ ಆಜ್ಞೆಯನ್ನು ಹಿಡಿಯುವ ಒಂದು ಪುಟ್ಟ ರೇಡಿಯೊ ಇರುತ್ತದೆ. ದೀಪ ಆರಿದ್ದಾಗಲೂ ಅದು ಎಚ್ಚರವಾಗಿರಬೇಕು, ಎಚ್ಚರವಾಗಿರಲು ಅದಕ್ಕೆ ಕರೆಂಟ್ ಬೇಕು, ಕರೆಂಟ್ ಹರಿಯಲು ಫೇಸ್ ಜೊತೆಗೆ ನ್ಯೂಟ್ರಲ್ ಬೇಕು. ನ್ಯೂಟ್ರಲ್ ಬೇಡದ ಸ್ವಿಚ್ಚುಗಳೂ ಸಿಗುತ್ತವೆ, ಆದರೆ ಅವು ದೀಪದ ಮೂಲಕವೇ ಒಂದಿಷ್ಟು ಕರೆಂಟನ್ನು ಸದಾ ಹರಿಸಿಕೊಂಡು ಜೀವ ಹಿಡಿದಿರುತ್ತವೆ. ಹಳೆಯ ಬುರುಡೆ ಬಲ್ಬಿಗೆ ಇದು ಲೆಕ್ಕಕ್ಕೇ ಇರುತ್ತಿರಲಿಲ್ಲ. 5 ವ್ಯಾಟಿನ ಎಲ್‌ಇಡಿ ಮಾತ್ರ ಆರಿಸಿದ ಮೇಲೂ ಮಂಕಾಗಿ ಹೊಳೆಯುತ್ತದೆ ಇಲ್ಲವೇ ಮಿನುಗುತ್ತದೆ. ಆದ್ದರಿಂದ ಪ್ರತಿಯೊಂದು ಸ್ವಿಚ್ ಬೋರ್ಡಿಗೂ ನ್ಯೂಟ್ರಲ್ ಎಳೆಯಲು ಹೇಳಿ, ಬೋರ್ಡಿನ ಹಿಂದಿನ ಪೆಟ್ಟಿಗೆಯನ್ನು ಸ್ವಲ್ಪ ಆಳವಾಗಿಯೇ ಕೂರಿಸಲು ಹೇಳಿ. ನಾಳೆ ಸ್ಮಾರ್ಟ್ ಸ್ವಿಚ್ ಬೇಡವೆನಿಸಿದರೂ ಎಳೆದ ತಂತಿ ಸುಮ್ಮನೆ ಮಲಗಿರುತ್ತದೆ. ಎಳೆಯದೆ ಬಿಟ್ಟರೆ ಹೊಸ ಗೋಡೆಯನ್ನು ಕೊರೆಯಬೇಕಾದೀತು. ಮಲೆನಾಡಿನ ಸಿಡಿಲನ್ನು ನಿಮಗೆ ನಾನು ಪರಿಚಯಿಸಬೇಕಿಲ್ಲ. ಸರಿಯಾದ ಅರ್ಥಿಂಗ್ ಮತ್ತು ಮುಖ್ಯ ಬೋರ್ಡಿನಲ್ಲಿ ಸರ್ಜ್ (ವೋಲ್ಟೇಜಿನ ದಿಢೀರ್ ಏರಿಕೆ) ತಡೆಯುವ ಸಾಧನ, ಇವೆರಡೂ ಇಲ್ಲದ ಮನೆಯಲ್ಲಿ ಸ್ಮಾರ್ಟ್ ಸಾಮಾನಿನ ಆಯುಸ್ಸು ಮುಂಗಾರಿನ ಮೊದಲ ಗುಡುಗಿನವರೆಗೆ ಮಾತ್ರ ಎಂದುಕೊಂಡರೆ ತಪ್ಪಾಗದು.

ಫ್ಯಾನ್ ವಿಷಯದಲ್ಲಿಯೂ ಒಂದು ಮಾತು. ‘ಬಿಎಲ್‌ಡಿಸಿ’ ಎಂದರೆ ಕಾರ್ಬನ್ ಬ್ರಷ್ ಇಲ್ಲದ, ಡಿಸಿ ಕರೆಂಟಿನಲ್ಲಿ ತಿರುಗುವ ಮೋಟರು. ಮಾಮೂಲಿ ಸೀಲಿಂಗ್ ಫ್ಯಾನ್ 70–75 ವ್ಯಾಟ್ ತಿನ್ನುವ ಕಡೆ ಇದು 30 ವ್ಯಾಟಿನ ಆಸುಪಾಸಿನಲ್ಲಿ ಮುಗಿಸುತ್ತದೆ. ಇದರ ವೇಗವನ್ನು ಫ್ಯಾನಿನೊಳಗಿನ ಸರ್ಕ್ಯೂಟೇ ನಿಯಂತ್ರಿಸುವುದರಿಂದ ಗೋಡೆಯ ರೆಗ್ಯುಲೇಟರಿಗೆ ಇದನ್ನು ಜೋಡಿಸಬಾರದು. ಅಂಥ ಫ್ಯಾನ್ ಹಾಕಿಸುವ ಕೋಣೆಗಳಲ್ಲಿ ರೆಗ್ಯುಲೇಟರಿನ ಖರ್ಚನ್ನೇ ಉಳಿಸಬಹುದು.

ಇನ್ನು ಪದಗಳಿಗೆ ಬರೋಣ. ಇವನ್ನೆಲ್ಲ ಬಾಯಿಪಾಠ ಮಾಡುವುದಕ್ಕಿಂತ, ಪ್ರತಿಯೊಂದು ಪದವನ್ನೂ ಎರಡು ಪ್ರಶ್ನೆಗಳ ಮುಂದೆ ನಿಲ್ಲಿಸುವುದು ಸುಲಭ. ಒಂದು, ಈ ಯಂತ್ರದ ಪರವಾಗಿ ತೀರ್ಮಾನ ಎಲ್ಲಿ ಆಗುತ್ತದೆ, ಮನೆಯೊಳಗೋ ಹೊರಗೋ? ಎರಡು, ಕರೆಂಟೋ ಇಂಟರ್‌ನೆಟ್ಟೋ ಹೋದಾಗ ಇದು ಏನಾಗುತ್ತದೆ? ಈ ಎರಡಕ್ಕೂ ಉತ್ತರ ಸಿಗದ ಪದ ಹೆಚ್ಚಾಗಿ ಪೆಟ್ಟಿಗೆಯ ಅಲಂಕಾರಕ್ಕೆ ಬಂದಿರುತ್ತದೆ.

ನಿಮ್ಮ ಊರಿನಲ್ಲಿ ಈಗಾಗಲೇ ಬಹಳ ಮನೆಗಳಲ್ಲಿ ಇರುವ ಒಂದು ಪೆಟ್ಟಿಗೆಯನ್ನು ನೆನಪಿಸಿಕೊಳ್ಳಿ: ಮೇಲಿನ ಟ್ಯಾಂಕ್ ಖಾಲಿಯಾದರೆ ಮೋಟರನ್ನು ತಾನೇ ಹಚ್ಚಿ, ತುಂಬಿದರೆ ತಾನೇ ನಿಲ್ಲಿಸುವ ವಾಟರ್ ಲೆವೆಲ್ ಕಂಟ್ರೋಲರ್. ಟ್ಯಾಂಕಿನೊಳಗೆ ಇಳಿಬಿಟ್ಟ ಲೋಹದ ಕಡ್ಡಿಗಳಿಗೆ ನೀರು ತಗಲಿದೆಯೋ ಇಲ್ಲವೋ ಎಂದು ಅದು ನೋಡುತ್ತದೆ. ಆ ಕಡ್ಡಿಗಳೇ ‘ಸೆನ್ಸರ್’. ತೀರ್ಮಾನ ಮಾಡುವ ಪೆಟ್ಟಿಗೆ ‘ಕಂಟ್ರೋಲರ್’. ತೀರ್ಮಾನವನ್ನು ಕಾರ್ಯಕ್ಕೆ ಇಳಿಸುವ ಮೋಟರು ‘ಆಕ್ಚುಯೇಟರ್’. ಕಡ್ಡಿ ಒಂದೇ ಇದ್ದಿದ್ದರೆ ನೀರು ಅದರ ತುದಿಯ ಬಳಿ ಕುಲುಕಿದಾಗಲೆಲ್ಲ ಮೋಟರು ಹತ್ತಿ ಆರಿ, ಹತ್ತಿ ಆರಿ ಸುಟ್ಟುಹೋಗುತ್ತಿತ್ತು. ಹಾಗಾಗಿ ಕೆಳಗಿನ ಕಡ್ಡಿ ಬಯಲಾದಾಗ ಹತ್ತುವುದು, ಮೇಲಿನ ಕಡ್ಡಿ ಮುಳುಗಿದಾಗ ಆರುವುದು ಎಂದು ನಡುವೆ ಅಂತರ ಬಿಟ್ಟಿರುತ್ತಾರೆ. ನಿಮ್ಮ ರೋಬೋಟ್ ಬ್ಯಾಟರಿ ಇಳಿದಾಗ ಚಾರ್ಜಿಗೆ ಹಿಂದಿರುಗಿ, ಒಂದು ಮಟ್ಟಕ್ಕೆ ತುಂಬಿದ ಮೇಲಷ್ಟೇ ಮತ್ತೆ ಕೆಲಸಕ್ಕೆ ಹೊರಡುವುದರ ಹಿಂದೆ ಇದೇ ತರ್ಕವಿದೆ.

ಈ ನೀರಿನ ಪೆಟ್ಟಿಗೆ ‘ಆಟೊಮ್ಯಾಟಿಕ್’, ಆದರೆ ‘ಸ್ಮಾರ್ಟ್’ ಅಲ್ಲ. ಅದೇ ಪೆಟ್ಟಿಗೆಗೆ ಒಂದು ರೇಡಿಯೊ ಸೇರಿಸಿ, ಟ್ಯಾಂಕಿನ ಮಟ್ಟ ನ್ಯೂಜೆರ್ಸಿಯಲ್ಲಿ ಕುಳಿತ ಮಗಳ ಫೋನಿಗೆ ಕಾಣುವಂತೆ ಮಾಡಿದರೆ ಅಂಗಡಿಯವರು ಅದನ್ನು ಸ್ಮಾರ್ಟ್ ಎನ್ನುತ್ತಾರೆ. ಅಂದರೆ ಸ್ಮಾರ್ಟ್ ಎಂಬ ಮಾತು ಬುದ್ಧಿಗಿಂತ ಹೆಚ್ಚಾಗಿ ಸಂಪರ್ಕವನ್ನು ಸೂಚಿಸುತ್ತದೆ. ‘ರೋಬೋಟ್’ ಎನ್ನಿಸಿಕೊಳ್ಳಲು ಇನ್ನೊಂದು ಹೆಜ್ಜೆ ಬೇಕು: ಯಂತ್ರ ತಾನಾಗಿ ಚಲಿಸಬೇಕು, ತನಗೆ ಪೂರ್ತಿ ಗೊತ್ತಿಲ್ಲದ ಜಾಗದಲ್ಲಿ ನೋಡಿಕೊಂಡು, ತೀರ್ಮಾನಿಸಿಕೊಂಡು ಕೆಲಸ ಮಾಡಬೇಕು. ಈ ಪದವನ್ನು ಜಗತ್ತಿಗೆ ಕೊಟ್ಟದ್ದು 1920ರಲ್ಲಿ ಪ್ರಕಟವಾದ ಕರೆಲ್ ಚಾಪೆಕ್‌ನ ಒಂದು ಚೆಕ್ ನಾಟಕ. ಅದರ ಮೂಲವಾದ ಚೆಕ್ ಭಾಷೆಯ ‘ರೊಬೋಟ’ ಎಂಬ ಮಾತಿಗೆ ಕನ್ನಡದಲ್ಲಿ ಹೊಂದುವುದು ‘ಬಿಟ್ಟಿ ಚಾಕರಿ’, ಒಡೆಯನ ಹೊಲದಲ್ಲಿ ಕೂಲಿಯಿಲ್ಲದೆ ಮಾಡುವ ದುಡಿಮೆ. ನೆಲ ಗುಡಿಸುವ ಯಂತ್ರಕ್ಕೆ ಇದಕ್ಕಿಂತ ತಕ್ಕ ಹೆಸರು ಇರಲಾರದು.

ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಕಂಪನಿ 2001ರಲ್ಲಿ ಟ್ರೈಲೊಬೈಟ್ ಎಂಬ ಗುಡಿಸುವ ರೋಬೋಟನ್ನು ಮಾರುಕಟ್ಟೆಗೆ ತಂದಿತು. ಮರುವರ್ಷ ಅಮೆರಿಕದ ಐರೋಬೋಟ್ ಕಂಪನಿಯ ರೂಂಬಾ ಸುಮಾರು 200 ಡಾಲರಿಗೆ ಬಂದು ಮನೆಮಾತಾಯಿತು. ಆ ಮೊದಲ ರೂಂಬಾಗೆ ಮನೆಯ ನಕ್ಷೆ ಎಂಬುದೇ ಇರಲಿಲ್ಲ. ಸುರುಳಿ ಸುತ್ತುತ್ತ ಹೋಗುವುದು, ಗೋಡೆ ಸಿಕ್ಕರೆ ಅದರ ಬದಿ ಹಿಡಿದು ಸಾಗುವುದು, ಏನಾದರೂ ಬಡಿದರೆ ಬೇರೆ ದಿಕ್ಕಿಗೆ ತಿರುಗುವುದು, ಇಷ್ಟೇ ಅದರ ವಿದ್ಯೆ. ಕೋಣೆಯ ಒಂದೇ ಜಾಗವನ್ನು ನಾಲ್ಕು ಸಲ ಗುಡಿಸಿ, ಇನ್ನೊಂದು ಮೂಲೆಯನ್ನು ಕೊನೆಗೆ ಹೇಗೋ ಮುಟ್ಟುತ್ತಿತ್ತು. ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ರಾಡ್ನಿ ಬ್ರೂಕ್ಸ್ ಅವರು, ನಕ್ಷೆ ಬರೆದುಕೊಂಡು ಯೋಚಿಸುವ ರೋಬೋಟಿಗಿಂತ ಎದುರಿಗೆ ಸಿಕ್ಕಿದ್ದಕ್ಕೆ ಥಟ್ಟನೆ ಪ್ರತಿಕ್ರಿಯಿಸುವ ರೋಬೋಟೇ ಮೇಲೆಂದು 1980ರ ದಶಕದಿಂದಲೇ ವಾದಿಸಿದವರು. ಇಂದಿಗೂ ಅಗ್ಗದ ರೋಬೋಟುಗಳಲ್ಲಿ ಈ ಹಳೆಯ ನಡೆ ಉಳಿದಿದೆ. ವಿವರಗಳಲ್ಲಿ ‘ನ್ಯಾವಿಗೇಷನ್’ ಎಂಬ ಸಾಲಿನ ಮುಂದೆ ‘ರ‍್ಯಾಂಡಮ್’ ಎಂದಿದ್ದರೆ ಇದೇ ಎಂದು ತಿಳಿಯಿರಿ.

‘ಸ್ಲ್ಯಾಮ್’ ಎಂಬುದು ನಿಮ್ಮ ಪಟ್ಟಿಯಲ್ಲಿರುವ ಅತ್ಯಂತ ಸ್ವಾರಸ್ಯದ ಪದ. ತಾನಿರುವ ಜಾಗವನ್ನು ಗುರುತಿಸುವುದು ಮತ್ತು ನಕ್ಷೆ ಬರೆಯುವುದು, ಎರಡನ್ನೂ ಏಕಕಾಲಕ್ಕೆ ಮಾಡುವುದು ಎಂದು ಅದರ ಅರ್ಥ. ಕರೆಂಟ್ ಹೋದ ರಾತ್ರಿ ಹೊಸದಾಗಿ ಬಂದ ನೆಂಟರ ಮನೆಯಲ್ಲಿ ಎಚ್ಚರವಾಗಿದೆ ಎಂದುಕೊಳ್ಳಿ. ಕೈಚಾಚಿ ಗೋಡೆ ತಡವುತ್ತೀರಿ, ನಾಲ್ಕು ಹೆಜ್ಜೆಗೆ ಕಂಬ ಸಿಗುತ್ತದೆ, ಮತ್ತೆ ಆರು ಹೆಜ್ಜೆಗೆ ಬಾಗಿಲು. ನೀವೆಲ್ಲಿದ್ದೀರಿ ಎಂದು ಹೇಳಬೇಕಾದರೆ ಮನೆಯ ನಕ್ಷೆ ಗೊತ್ತಿರಬೇಕು. ನಕ್ಷೆ ಬರೆಯಬೇಕಾದರೆ ನೀವೆಲ್ಲಿದ್ದೀರಿ ಎಂದು ಗೊತ್ತಿರಬೇಕು. ಒಂದು ಗೊತ್ತಾಗದೆ ಇನ್ನೊಂದಿಲ್ಲ. ಗಣಿತದವರಾದ ನಿಮಗೆ ಇದು ಎರಡೂ ಕಡೆ ಅವ್ಯಕ್ತವಿರುವ ಸಮೀಕರಣದಂತೆ ಕಾಣಬಹುದು, ಮತ್ತು ಅದನ್ನು ಬಿಡಿಸುವುದು ಕೂಡ ಸಂಭವನೀಯತೆಯ ಲೆಕ್ಕದಿಂದಲೇ. ರೋಬೋಟ್ ತನ್ನ ಗಾಲಿ ಎಷ್ಟು ಸುತ್ತು ತಿರುಗಿತು ಎಂದು ಎಣಿಸಿ ತಾನು ಬಹುಶಃ ಇಲ್ಲಿರಬೇಕು ಎಂದು ಅಂದಾಜಿಸುತ್ತದೆ. ಈ ಗಾಲಿ ಎಣಿಕೆಗೆ ‘ಓಡೊಮೆಟ್ರಿ’ ಎಂದು ಹೆಸರು. ಚಾಪೆಯ ಮೇಲೆ ಗಾಲಿ ಜಾರಿದರೆ ಲೆಕ್ಕ ತಪ್ಪುತ್ತದೆ, ಮತ್ತು ಆ ತಪ್ಪು ಹೆಜ್ಜೆಹೆಜ್ಜೆಗೂ ಬೆಳೆಯುತ್ತ ಹೋಗುತ್ತದೆ. ಆದ್ದರಿಂದ ಅದು ಕಣ್ಣಿಗೆ ಕಂಡ ಗೋಡೆ ಮೂಲೆಗಳೊಂದಿಗೆ ಅಂದಾಜನ್ನು ತಾಳೆ ನೋಡಿ, ಎರಡನ್ನೂ ಸ್ವಲ್ಪಸ್ವಲ್ಪ ತಿದ್ದುತ್ತ ಸಾಗುತ್ತದೆ. ಸುತ್ತಿ ಬಂದು ಮೊದಲು ಕಂಡ ಮೂಲೆಯನ್ನೇ ಮತ್ತೆ ಗುರುತಿಸಿದಾಗ, ಅದುವರೆಗೆ ಕೂಡಿದ ತಪ್ಪನ್ನೆಲ್ಲ ದಾರಿಯುದ್ದಕ್ಕೂ ಹಂಚಿ ನಕ್ಷೆಯನ್ನು ಸರಿಪಡಿಸುತ್ತದೆ. ಈ ಲೆಕ್ಕವೆಲ್ಲ ರೋಬೋಟಿನೊಳಗೇ ನಡೆಯುತ್ತದೆ. ಇಂಟರ್‌ನೆಟ್ ಇಲ್ಲದಿದ್ದರೂ ಗುಂಡಿ ಒತ್ತಿದರೆ ಗುಡಿಸುವ ರೋಬೋಟುಗಳು ಬಹಳ ಇರುವುದು ಇದೇ ಕಾರಣಕ್ಕೆ.

ಸ್ಲ್ಯಾಮ್ ಒಂದು ಲೆಕ್ಕದ ವಿಧಾನ, ‘ಲೈಡಾರ್’ ಅದಕ್ಕೆ ಅಳತೆ ಒದಗಿಸುವ ಕಣ್ಣು. ಅಂಗಡಿಗಳಲ್ಲಿ ಎರಡನ್ನೂ ಒಂದೇ ಉಸಿರಿಗೆ ಹೇಳುವುದರಿಂದ ಗೊಂದಲವಾಗುತ್ತದೆ. ರೋಬೋಟಿನ ತಲೆಯ ಮೇಲೆ ಒತ್ತುಶಾವಿಗೆಯ ಬಿಲ್ಲೆಯಷ್ಟು ದಪ್ಪದ ಗುಂಡನೆಯ ಗೋಪುರವಿದ್ದರೆ, ಅದರೊಳಗೆ ಒಂದು ಲೇಸರ್ ಸೆಕೆಂಡಿಗೆ ಹಲವು ಸುತ್ತು ತಿರುಗುತ್ತ ಎಲ್ಲ ದಿಕ್ಕಿನ ಗೋಡೆಗಳ ದೂರವನ್ನು ಅಳೆಯುತ್ತಿರುತ್ತದೆ. ಮನೆಬಳಕೆಯ ರೋಬೋಟಿಗೆ ಈ ಗೋಪುರವನ್ನು 2010ರಲ್ಲಿ ನಿಯಾಟೊ ಎಂಬ ಅಮೆರಿಕದ ಕಂಪನಿ ತಂದಿತು. ಗೋಪುರದ ಬದಲು ಕ್ಯಾಮೆರಾದಿಂದ ನಕ್ಷೆ ಬರೆಯುವ ರೋಬೋಟುಗಳೂ ಇವೆ. ಅವಕ್ಕೆ ಬೆಳಕು ಬೇಕು, ಲೈಡಾರಿಗೆ ಕತ್ತಲೆಯೂ ಒಂದೇ. ಲೈಡಾರಿಗೆ ಇರುವ ಕೊರತೆಗಳು ಎರಡು. ನಿಲುವುಗನ್ನಡಿ ಮತ್ತು ಗಾಜಿನ ಬಾಗಿಲು ಲೇಸರನ್ನು ದಾರಿ ತಪ್ಪಿಸುತ್ತವೆ. ಜೊತೆಗೆ ಅದು ನೋಡುವುದು ತನ್ನ ಎತ್ತರದಲ್ಲಿ, ಎಂದರೆ ನೆಲದಿಂದ ಸುಮಾರು 9–10 ಸೆಂಟಿಮೀಟರ್ ಮೇಲೆ. ಅದಕ್ಕಿಂತ ಕೆಳಗಿರುವ ಚಪ್ಪಲಿ, ಚಾರ್ಜರ್ ವೈರು, ಹಾಸಿದ ಪಂಚೆ ಅದಕ್ಕೆ ಕಾಣುವುದಿಲ್ಲ. ಗೋಪುರವಿರುವ ರೋಬೋಟ್ ನಿಮ್ಮ ಮಂಚದ ಕೆಳಗೆ ತೂರುವುದೇ ಎಂದು ಸ್ಕೇಲ್ ಹಿಡಿದು ನೋಡಿ, ಆ ಅಳತೆಯನ್ನು ಮಗಳಿಗೆ ಕಳುಹಿಸುವುದು ಒಳ್ಳೆಯದು.

ನಿಮ್ಮ ಪಟ್ಟಿಯಲ್ಲಿಲ್ಲದ, ಆದರೆ ನಮ್ಮ ಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ತರಲೆ ಮಾಡುವ ಪದ ‘ಕ್ಲಿಫ್ ಸೆನ್ಸರ್’. ರೋಬೋಟಿನ ಹೊಟ್ಟೆಯ ಅಂಚಿನಲ್ಲಿರುವ ಪುಟ್ಟ ದೀಪಗಳು ಕಣ್ಣಿಗೆ ಕಾಣದ ಅವರಕ್ತ ಬೆಳಕನ್ನು ನೆಲಕ್ಕೆ ಬಿಡುತ್ತವೆ. ಬೆಳಕು ಮರಳಿ ಬಂದರೆ ಕೆಳಗೆ ನೆಲವಿದೆ, ಬಾರದಿದ್ದರೆ ಮೆಟ್ಟಿಲ ಅಂಚು ಬಂತು ಎಂದು ರೋಬೋಟ್ ಹಿಂದೆ ಸರಿಯುತ್ತದೆ. ಕಪ್ಪು ಮೇಲ್ಮೈ ಆ ಬೆಳಕನ್ನು ಹೀರಿಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಬಿಳಿ ಟೈಲ್ಸಿನ ಸುತ್ತ ಒಂದು ಗೇಣು ಅಗಲದ ಕಪ್ಪು ಗ್ರಾನೈಟಿನ ಅಂಚು ಇದೆ. ಮೊದಲ ದಿನ ರೋಬೋಟ್ ಆ ಅಂಚಿನವರೆಗೆ ಬಂದು, ಅಲ್ಲೊಂದು ಪ್ರಪಾತವಿದೆಯೆಂಬಂತೆ ಬೆಚ್ಚಿ ಹಿಂದಕ್ಕೆ ಹೋಗಿ, ಮತ್ತೆ ಬಂದು, ಮತ್ತೆ ಹೋಗಿ, ಕೊನೆಗೆ ‘ನೆರವು ಬೇಕು’ ಎಂದು ಕೂಗಿ ನಿಂತಿತು. ನೀವು ಇನ್ನೂ ನೆಲ ಹಾಸಿಲ್ಲವಾದ್ದರಿಂದ ಕಪ್ಪು ಕಲ್ಲಿನ ಬಗ್ಗೆ ಎರಡು ಸಲ ಯೋಚಿಸಿ. ರೆಡ್ ಆಕ್ಸೈಡ್ ನೆಲಕ್ಕೆ ಸಾಮಾನ್ಯವಾಗಿ ಈ ತೊಂದರೆಯಿಲ್ಲ.

ಇನ್ನು ‘5000 ಪಾಸ್ಕಲ್’. ಪಾಸ್ಕಲ್ ಒತ್ತಡದ ಮಾನ. ಒಂದು ಸೆಂಟಿಮೀಟರ್ ಎತ್ತರದ ನೀರು ತಳದಲ್ಲಿ ಹಾಕುವ ಒತ್ತಡ ಸುಮಾರು 98 ಪಾಸ್ಕಲ್. ಎಳನೀರಿನೊಳಗೆ 20 ಸೆಂಟಿಮೀಟರಿನ ಸ್ಟ್ರಾ ಇಟ್ಟು ನೀರನ್ನು ತುಟಿಯವರೆಗೆ ಏರಿಸಲು ನಿಮಗೆ ಬೇಕಾಗುವುದು ಸುಮಾರು 2000 ಪಾಸ್ಕಲ್ ಹೀರು. 5000 ಎಂದರೆ ಅರ್ಧ ಮೀಟರ್ ಉದ್ದದ ಸ್ಟ್ರಾ. ಗಾಬರಿ ಹುಟ್ಟಿಸುವ ಸಂಖ್ಯೆಯೇನೂ ಅಲ್ಲ. ವೈರ್ ಹಾಕಿ ಕೈಯಲ್ಲಿ ಎಳೆಯುವ ಮಾಮೂಲಿ ವ್ಯಾಕ್ಯೂಮ್ ಕ್ಲೀನರು 15,000–20,000 ಪಾಸ್ಕಲ್ ದಾಟುತ್ತದೆ. ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಈ ಸಂಖ್ಯೆಯನ್ನು ಅಳೆಯುವುದು ಹೀರುವ ಬಾಯಿಯನ್ನು ಪೂರ್ತಿ ಮುಚ್ಚಿ, ಎಂದರೆ ಗಾಳಿಯೇ ಹರಿಯದ ಸ್ಥಿತಿಯಲ್ಲಿ. ಆದರೆ ಧೂಳನ್ನು ಹೊತ್ತೊಯ್ಯುವುದು ಹರಿಯುವ ಗಾಳಿ. ಒತ್ತಡ ಮತ್ತು ಗಾಳಿಯ ಹರಿವು ಎರಡರ ಗುಣಲಬ್ಧವೇ ನಿಜವಾದ ಕೆಲಸ, ಮತ್ತು ಪೆಟ್ಟಿಗೆಯ ಮೇಲೆ ಹರಿವಿನ ಅಂಕಿ ಮುದ್ರಿಸಿರುವುದು ಅಪರೂಪ. ಟೈಲ್ಸ್ ಅಥವಾ ರೆಡ್ ಆಕ್ಸೈಡ್ ನೆಲದ ಧೂಳು ಕೂದಲಿಗೆ 2000–3000 ಪಾಸ್ಕಲ್ ಸಾಕು. ಹೆಚ್ಚಿನದು ಬೇಕಾಗುವುದು ದಪ್ಪ ಕಾರ್ಪೆಟ್ ಹಾಸುವ ಅಮೆರಿಕದ ಮನೆಗಳಲ್ಲಿ. 5000ಕ್ಕೂ 8000ಕ್ಕೂ ನಡುವಿನ ವ್ಯತ್ಯಾಸಕ್ಕೆ ಮಗಳು ಹೆಚ್ಚು ಹಣ ಕೊಡಬೇಕಿಲ್ಲ. ಆ ಹಣವನ್ನು ಬ್ರಷ್‌ಗೆ ಸುತ್ತಿದ ಕೂದಲನ್ನು ಸುಲಭವಾಗಿ ಬಿಡಿಸಬಹುದಾದ, ಬಿಡಿಭಾಗ ನಮ್ಮಲ್ಲಿ ಸಿಗುವ ಮಾದರಿಗೆ ಹಾಕಲಿ.

‘ಹೆಪಾ’ ಫಿಲ್ಟರಿನ ಹುಟ್ಟು 1940ರ ದಶಕದ ಅಮೆರಿಕದ ಅಣುಬಾಂಬ್ ಯೋಜನೆಯಲ್ಲಿ. ಅಮೆರಿಕದ ಮಾನದಂಡದಂತೆ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ 99.97 ಶೇಕಡವನ್ನು ತಡೆಯುವುದಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ. ‘ಹೆಪಾ ಟೈಪ್’ ಎಂದಿದ್ದರೆ ಅದು ಹೆಪಾ ಅಲ್ಲ. ಬ್ಯಾಟರಿಯ ‘ಎಂಎಎಚ್’ (ಮಿಲಿಆಂಪಿಯರ್-ಅವರ್) ಅಂಕಿಯನ್ನು ವೋಲ್ಟೇಜಿನೊಂದಿಗೆ ಗುಣಿಸದೆ ಹೋಲಿಸಬೇಡಿ. 5200 ಎಂಎಎಚ್, 14.4 ವೋಲ್ಟ್ ಎಂದರೆ ಸುಮಾರು 75 ವ್ಯಾಟ್-ಅವರ್. ಕರೆಂಟ್ ಬಿಲ್ಲಿನ ಒಂದು ಯೂನಿಟ್ 1000 ವ್ಯಾಟ್-ಅವರ್ ಆಗಿರುವುದರಿಂದ, ಚಾರ್ಜಿಂಗ್ ನಷ್ಟ ಸೇರಿಸಿದರೂ ಒಂದು ಯೂನಿಟ್ಟಿನಲ್ಲಿ ಅದನ್ನು ಹತ್ತು ಸಲ ತುಂಬಬಹುದು. ‘ಮಾಪ್’ ಇದೆ ಎಂದರೆ ಒದ್ದೆ ಬಟ್ಟೆಯಿಂದ ಒರೆಸುತ್ತದೆ ಎಂದರ್ಥ. ಬಕೆಟ್ ನೀರು ಬದಲಿಸುತ್ತ ಕೂತು ನೆಲ ಒರೆಸುವವರ ಕೆಲಸಕ್ಕೆ ಅದು ಸಮನಾಗದು.

‘ಎಐ’ ಎಂಬ ಎರಡು ಅಕ್ಷರಗಳ ಬಗ್ಗೆ ನನಗೆ ಸ್ವಲ್ಪ ಅಸಹನೆಯಿದೆ. 1990ರ ದಶಕದಲ್ಲಿ ವಾಷಿಂಗ್ ಮೆಷೀನುಗಳ ಮೇಲೆಲ್ಲ ‘ಫಜಿ ಲಾಜಿಕ್’ ಎಂದು ಬರೆಯುತ್ತಿದ್ದರು. ಈಗ ಅದೇ ಜಾಗದಲ್ಲಿ ಎಐ ಕುಳಿತಿದೆ. ಗುಡಿಸುವ ರೋಬೋಟಿನ ಮಟ್ಟಿಗೆ ಅದರ ನಿಜವಾದ ಅರ್ಥ ಸಾಮಾನ್ಯವಾಗಿ ಇಷ್ಟು: ಮುಂಭಾಗದ ಕ್ಯಾಮೆರಾ ನೆಲದ ಮೇಲಿರುವ ವಸ್ತುವಿನ ಚಿತ್ರ ತೆಗೆದು, ಮೊದಲೇ ಕಲಿತಿಟ್ಟ ಸಾವಿರಾರು ಚಿತ್ರಗಳ ಬಲದಿಂದ ಅದು ವೈರೋ, ಬೂಟೋ, ಸಾಕುಪ್ರಾಣಿಯ ಹೇಸಿಗೆಯೋ ಎಂದು ಗುರುತಿಸುತ್ತದೆ. ಕಲಿಸಿದ ಚಿತ್ರಗಳಲ್ಲಿ ಕಾಲುಚೀಲ ಇದ್ದೀತು, ಈಳಿಗೆಮಣೆ ಇದ್ದೀತೆಂಬ ಭರವಸೆ ಇಟ್ಟುಕೊಳ್ಳಬೇಡಿ. ಕ್ಯಾಮೆರಾ ಇರುವುದರಿಂದ ಇನ್ನೊಂದು ಎಚ್ಚರಿಕೆಯೂ ಬೇಕು. ಮನೆಗಳಲ್ಲಿ ಪರೀಕ್ಷೆಗೆಂದು ಓಡಿಸಿದ ರೋಬೋಟುಗಳು ತೆಗೆದ ಖಾಸಗಿ ಚಿತ್ರಗಳು, ಅವನ್ನು ಗುರುತುಮಾಡಲು ನೇಮಿಸಿದ ಹೊರಗುತ್ತಿಗೆ ಕೆಲಸಗಾರರ ಮೂಲಕ ಸಾಮಾಜಿಕ ಜಾಲತಾಣದ ಗುಂಪುಗಳಿಗೆ ಸೋರಿದ ಸಂಗತಿಯನ್ನು 2022ರಲ್ಲಿ ಎಂಐಟಿ ಟೆಕ್ನಾಲಜಿ ರಿವ್ಯೂ ಪತ್ರಿಕೆ ವರದಿ ಮಾಡಿತ್ತು. ಅವು ಅಂಗಡಿಯಲ್ಲಿ ಮಾರಿದ ಯಂತ್ರಗಳಲ್ಲ, ಒಪ್ಪಿಗೆ ಪಡೆದು ಕೊಟ್ಟ ಪರೀಕ್ಷಾ ಯಂತ್ರಗಳು. ಆದರೂ ಮಲಗುವ ಕೋಣೆಗೆ ಕ್ಯಾಮೆರಾ ಇಲ್ಲದ, ಲೈಡಾರ್ ಮಾತ್ರ ಇರುವ ರೋಬೋಟೇ ಸಾಕೆಂಬುದು ನನ್ನ ಅಭಿಪ್ರಾಯ.

ಈಗ ರೇಡಿಯೊಗಳ ಗುಂಪಿಗೆ ಬರೋಣ. ವೈ-ಫೈ, ಜಿಗ್‌ಬೀ, ಜೀ-ವೇವ್, ಥ್ರೆಡ್, ಮ್ಯಾಟರ್ ಎಲ್ಲವೂ ಇಲ್ಲಿ ಸೇರುತ್ತವೆ. ಸಾಮಾನುಗಳ ನಡುವೆ ಮಾತು ನಡೆಯಲು ಒಂದು ದಾರಿ ಬೇಕು, ಒಂದು ಭಾಷೆ ಬೇಕು. ವೈ-ಫೈ ಮತ್ತು ಥ್ರೆಡ್ ದಾರಿಗಳು. ಮ್ಯಾಟರ್ ಭಾಷೆ. ಜಿಗ್‌ಬೀ ಮತ್ತು ಜೀ-ವೇವ್ ತಮ್ಮದೇ ದಾರಿಯ ಮೇಲೆ ತಮ್ಮದೇ ಭಾಷೆ ಆಡುವ ಹಳಬರು. ವೈ-ಫೈಯಲ್ಲಿ ನೀವು ನೋಡಬೇಕಾದ್ದು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಅಂಕಿ. ಸ್ಮಾರ್ಟ್ ಪ್ಲಗ್ಗು ಬಲ್ಬುಗಳಲ್ಲಿ ಹೆಚ್ಚಿನವಕ್ಕೆ 2.4 ಮಾತ್ರ ಅರ್ಥವಾಗುತ್ತದೆ; ಫೋನ್ 5ರಲ್ಲಿದ್ದು ಪ್ಲಗ್ ಸಿಗುತ್ತಿಲ್ಲವೆಂದು ಅರ್ಧ ದಿನ ಒದ್ದಾಡಿದವರು ನನಗೆ ಬಹಳ ಮಂದಿ ಗೊತ್ತು. ದಪ್ಪ ಜಂಬಿಟ್ಟಿಗೆ ಗೋಡೆಗಳನ್ನು ದಾಟುವುದರಲ್ಲಿಯೂ 2.4 ಮೇಲು.

ಜಿಗ್‌ಬೀ ಎಂಬ ಹೆಸರು ಬಂದದ್ದು ಜೇನುಹುಳು ಗೂಡಿಗೆ ಮರಳಿ ಬಂದು ಹೂವಿನ ದಿಕ್ಕು ತಿಳಿಸಲು ಅಂಕುಡೊಂಕಾಗಿ ಕುಣಿಯುವ ಕುಣಿತದಿಂದ. ಅದರ ಮುಖ್ಯ ಗುಣ ‘ಮೆಶ್’. ನಿಮ್ಮ ಮನೆಯ ತಾರಸಿಗೆ ಕಾಂಕ್ರೀಟ್ ಹಾಕಿದ ದಿನ ಕೆಲಸಗಾರರು ಸಾಲಾಗಿ ನಿಂತು ಬಾಣಲೆಯನ್ನು ಕೈಯಿಂದ ಕೈಗೆ ದಾಟಿಸಿದ್ದನ್ನು ನೋಡಿರುತ್ತೀರಿ. ಹಾಗೆಯೇ ಒಂದು ಬಲ್ಬ್ ತನಗೆ ಬಂದ ಸಂದೇಶವನ್ನು ಮುಂದಿನ ಪ್ಲಗ್ಗಿಗೆ ದಾಟಿಸುತ್ತದೆ, ಪ್ಲಗ್ಗು ಹಿತ್ತಿಲ ಸೆನ್ಸರಿಗೆ ದಾಟಿಸುತ್ತದೆ. ಸಾಲಿನಲ್ಲಿ ನಿಲ್ಲುವವರು ಸದಾ ಕರೆಂಟಿನಲ್ಲಿರುವ ಸಾಮಾನುಗಳು ಮಾತ್ರ. ಬ್ಯಾಟರಿಯ ಸೆನ್ಸರುಗಳು ಶಕ್ತಿ ಉಳಿಸಲು ನಿದ್ರಿಸುತ್ತಿರುತ್ತವೆ. ಅಭ್ಯಾಸಬಲದಿಂದ ಯಾರಾದರೂ ಗೋಡೆಯ ಸ್ವಿಚ್ಚಿನಲ್ಲಿ ಸ್ಮಾರ್ಟ್ ಬಲ್ಬನ್ನು ಆರಿಸಿದರೆ ಸಾಲಿನಲ್ಲಿ ಒಬ್ಬ ಎದ್ದುಹೋದಂತೆ, ಹಿತ್ತಿಲ ಸೆನ್ಸರ್ ಒಂಟಿಯಾಗುತ್ತದೆ. ಹಾಗಾಗಿ ಸ್ಮಾರ್ಟ್ ಬಲ್ಬಿಗಿಂತ ಸ್ಮಾರ್ಟ್ ಸ್ವಿಚ್ಚೇ ನಮ್ಮ ಮನೆಗಳಿಗೆ ಹೊಂದುತ್ತದೆ. ಈ ಸಾಲಿಗೂ ನಿಮ್ಮ ಇಂಟರ್‌ನೆಟ್ ಡಬ್ಬಿಗೂ ನಡುವೆ ನಿಂತು ಮೇಸ್ತ್ರಿಯಂತೆ ಕೆಲಸ ನೋಡಿಕೊಳ್ಳುವುದು ‘ಹಬ್’.

ಥ್ರೆಡ್ ಕೂಡ ಇಂಥದೇ ಮೆಶ್, ಜಿಗ್‌ಬೀ ಬಳಸುವ ರೇಡಿಯೊ ಮಾನದಂಡವನ್ನೇ ಬಳಸುತ್ತದೆ. ಆದರೆ ಪ್ರತಿ ಸಾಮಾನಿಗೂ ಇಂಟರ್‌ನೆಟ್ ಶೈಲಿಯ ವಿಳಾಸ ಕೊಡುತ್ತದೆ. ಅದನ್ನು ಮನೆಯ ಉಳಿದ ಜಾಲಕ್ಕೆ ಕೂಡಿಸುವ ಪೆಟ್ಟಿಗೆ ‘ಬಾರ್ಡರ್ ರೂಟರ್’. ಇನ್ನು ಮ್ಯಾಟರ್. ನಮ್ಮ ಹುಡುಗರು ‘ಏನ್ ಮ್ಯಾಟರ್?’ ಎಂದು ಕೇಳುವ ಮ್ಯಾಟರಿಗೂ ಇದಕ್ಕೂ ಸಂಬಂಧವಿಲ್ಲ. ಆಪಲ್, ಗೂಗಲ್, ಅಮೆಜಾನ್ ಮುಂತಾದ ಕಂಪನಿಗಳು ತಮ್ಮ ತಮ್ಮ ಕೋಟೆಯೊಳಗೆ ಬೇರೆಯವರ ಸಾಮಾನು ಬಿಟ್ಟುಕೊಳ್ಳದೆ ಗಿರಾಕಿಗಳನ್ನು ಬಳಲಿಸಿದ ಮೇಲೆ, 2019ರಲ್ಲಿ ಒಟ್ಟಾಗಿ ಒಂದು ಸಾಮಾನ್ಯ ಭಾಷೆ ಕಟ್ಟಲು ಮುಂದಾದವು. ಅದರ ಮೊದಲ ಆವೃತ್ತಿ 2022ರ ಅಕ್ಟೋಬರಿನಲ್ಲಿ ಬಂತು. ಗುಡಿಸುವ ರೋಬೋಟಿಗೆ ಆ ಭಾಷೆಯಲ್ಲಿ ಪದಗಳು ಸೇರಿದ್ದು 2023ರ ಅಕ್ಟೋಬರಿನ 1.2 ಆವೃತ್ತಿಯಲ್ಲಿ. ಮ್ಯಾಟರ್ ಗುರುತಿರುವ ಸಾಮಾನು ಮನೆಯೊಳಗಿನ ಜಾಲದಲ್ಲಿಯೇ ಆಜ್ಞೆ ಪಡೆಯಬಲ್ಲದು ಎಂಬುದು ನಮ್ಮ ಎರಡು ಪ್ರಶ್ನೆಗಳ ದೃಷ್ಟಿಯಿಂದ ಅದರ ದೊಡ್ಡ ಲಾಭ. ಆದರೆ ಎಲ್ಲ ಸೌಲಭ್ಯಗಳೂ ಆ ಭಾಷೆಗೆ ಬಂದಿಲ್ಲ. ಕೋಣೆಕೋಣೆಯ ನಕ್ಷೆ ತಿದ್ದುವಂಥ ಕೆಲಸಕ್ಕೆ ತಯಾರಕರ ಆ್ಯಪನ್ನೇ ತೆರೆಯಬೇಕಾಗುವುದು ಸಾಮಾನ್ಯ.

ಅಮೆರಿಕದಿಂದ ತರುವ ವಿಚಾರ ಇಲ್ಲಿಯೇ ಹೇಳಿಬಿಡುತ್ತೇನೆ. ಅಲ್ಲಿ ಮನೆಯ ಕರೆಂಟ್ 120 ವೋಲ್ಟ್, ನಮ್ಮದು 230. ರೋಬೋಟಿನ ಚಾರ್ಜರ್ ಮೇಲೆ ‘100–240’ ಎಂದು ಮುದ್ರಿಸಿದ್ದರೆ ಮಾತ್ರ ತರಲಿ. ಸ್ಮಾರ್ಟ್ ಸ್ವಿಚ್ಚು, ಪ್ಲಗ್ಗುಗಳನ್ನು ತರಲೇಬಾರದು. ವೋಲ್ಟೇಜೂ ಬೇರೆ, ಗೋಡೆಯ ಪೆಟ್ಟಿಗೆಯ ಅಳತೆಯೂ ಬೇರೆ. ಅಲ್ಲಿಯ ಬಲ್ಬು ತಿರುಪಿನದು, ನಮ್ಮ ಹೋಲ್ಡರುಗಳು ಹೆಚ್ಚಾಗಿ ಪಿನ್ನಿನವು. ಜೀ-ವೇವ್ ಅಲ್ಲಿ 908 ಮೆಗಾಹರ್ಟ್ಸ್ ಆಸುಪಾಸಿನಲ್ಲಿ, ಭಾರತದಲ್ಲಿ 865ರ ಆಸುಪಾಸಿನಲ್ಲಿ ಕೆಲಸ ಮಾಡುವುದರಿಂದ ಅಲ್ಲಿಯದು ಇಲ್ಲಿಯದರೊಂದಿಗೆ ಮಾತೇ ಆಡುವುದಿಲ್ಲ. ಇಲ್ಲಿ ಸ್ಮಾರ್ಟ್ ಪ್ಲಗ್ ಕೊಳ್ಳುವಾಗಲೂ ಆಂಪಿಯರ್ ಲೆಕ್ಕ ಹಾಕಿ. 10 ಆಂಪಿಯರಿನ ಪ್ಲಗ್ಗು ಗರಿಷ್ಠ 2300 ವ್ಯಾಟ್ ತಾಳುತ್ತದೆ. 3000 ವ್ಯಾಟಿನ ಇನ್‌ಸ್ಟಂಟ್ ಗೀಸರ್ 13 ಆಂಪಿಯರ್ ಎಳೆಯುತ್ತದೆ. ಗೀಸರಿಗೆ 16 ಆಂಪಿಯರಿನದೇ ಆಗಬೇಕು.

ಉಳಿದದ್ದು ‘ಕ್ಲೌಡ್’. ಮೋಡ ಎಂದು ಹೆಸರಿದ್ದರೂ ಅದು ಬೇರೆ ಯಾರದೋ ಕಟ್ಟಡದಲ್ಲಿರುವ ಬೇರೆ ಯಾರದೋ ಕಂಪ್ಯೂಟರು. ನಿಮ್ಮ ನಡುಮನೆಯ ದೀಪ ಹಚ್ಚುವ ಆಜ್ಞೆ ಅಲ್ಲಿಗೆ ಹೋಗಿ ತಿರುಗಿ ಬರುವುದಾದರೆ, ಲೈನ್ ಮೇಲೆ ಮರ ಬಿದ್ದು ಇಂಟರ್‌ನೆಟ್ ಹೋದ ದಿನ ಫೋನಿನಿಂದ ದೀಪ ಹತ್ತುವುದಿಲ್ಲ. ಅದಕ್ಕಿಂತ ಕೆಟ್ಟದ್ದೂ ನಡೆದಿದೆ. ಅಮೆರಿಕದಲ್ಲಿ ರಿವಾಲ್ವ್ ಎಂಬ 300 ಡಾಲರಿನ ಹಬ್ ಇತ್ತು. 2014ರಲ್ಲಿ ಆ ಕಂಪನಿಯನ್ನು ಗೂಗಲ್ ಒಡೆತನದ ನೆಸ್ಟ್ ಕೊಂಡಿತು, 2016ರ ಮೇ ತಿಂಗಳಲ್ಲಿ ಸರ್ವರ್ ಮುಚ್ಚಿತು, ಹಣ ಕೊಟ್ಟು ಕೊಂಡವರ ಮನೆಯಲ್ಲಿದ್ದ ಚೆನ್ನಾಗಿಯೇ ಇದ್ದ ಪೆಟ್ಟಿಗೆಗಳು ಅಂದಿನಿಂದ ಕೆಲಸ ಮಾಡಲಿಲ್ಲ. ಆದ್ದರಿಂದ ವಿವರಗಳಲ್ಲಿ ‘ಲೋಕಲ್ ಕಂಟ್ರೋಲ್’, ಎಂದರೆ ಮನೆಯೊಳಗಿನಿಂದಲೇ ನಿಯಂತ್ರಣ, ಎಂಬ ಮಾತಿದೆಯೇ ಎಂದು ಹುಡುಕಿ. ಮಾತಿಗೆ ಓಗೊಡುವ ಸ್ಪೀಕರಿನಲ್ಲಿಯೂ ಇದೇ ಭೇದವಿದೆ: ‘ವೇಕ್ ವರ್ಡ್’ ಎನ್ನುವ ಕರೆಯುವ ಹೆಸರನ್ನು ಅದು ತನ್ನೊಳಗೇ ಗುರುತಿಸಿಕೊಳ್ಳುತ್ತದೆ, ಅದರ ನಂತರ ನೀವಾಡಿದ ಮಾತು ಸಾಮಾನ್ಯವಾಗಿ ಕ್ಲೌಡಿಗೆ ಹೋಗುತ್ತದೆ. ಕ್ಯಾಮೆರಾಗಳ ಮೂಲ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ. 2016ರ ‘ಮಿರಾಯ್’ ದಾಳಿಯಲ್ಲಿ ಲಕ್ಷಾಂತರ ಕ್ಯಾಮೆರಾ, ರೂಟರುಗಳು ದುಷ್ಕರ್ಮಿಗಳ ಕೈಸೇರಿದ್ದು, ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡನ್ನು ಯಾರೂ ಬದಲಿಸದೆ ಬಿಟ್ಟಿದ್ದರಿಂದ.

ಕರೆಂಟ್ ಹೋಗಿ ಬಂದಾಗ ಏನಾಗಬೇಕು ಎಂಬುದಕ್ಕೂ ಆ್ಯಪಿನಲ್ಲಿ ಒಂದು ಆಯ್ಕೆ ಇರುತ್ತದೆ, ‘ಪವರ್ ಆನ್ ಬಿಹೇವಿಯರ್’ ಎಂಬಂಥ ಹೆಸರಿನಲ್ಲಿ. ಇದನ್ನು ಗಮನಿಸದ ಮಳೆಗಾಲವೊಂದರಲ್ಲಿ ರಾತ್ರಿ ಎರಡೂವರೆಗೆ ಕರೆಂಟ್ ಬಂದೊಡನೆ ನಮ್ಮ ಮಲಗುವ ಕೋಣೆಯ ಬಲ್ಬ್ ಪೂರ್ಣ ಪ್ರಕಾಶದಿಂದ ಬೆಳಗಿ, ಮನೆಮಂದಿಯೆಲ್ಲ ಎದ್ದು ಕುಳಿತಿದ್ದರು. ‘ಮೊದಲಿದ್ದ ಸ್ಥಿತಿ’ ಎಂಬುದನ್ನು ಆರಿಸಿಟ್ಟರೆ ಈ ಫಜೀತಿ ತಪ್ಪುತ್ತದೆ. ಇಂಟರ್‌ನೆಟ್ ಡಬ್ಬಿಗೆ ಒಂದು ಪುಟ್ಟ ಯುಪಿಎಸ್ ಇಡಿ.

ಕೊನೆಯದಾಗಿ ನಿಮ್ಮ ಮನೆಯವರ ಪ್ರಶ್ನೆ. ಅಡ್ಡಿ ಹೇಳದಿದ್ದರೆ ರೋಬೋಟಿನ ಪಾಲಿಗೆ ರಂಗೋಲಿ ಪುಡಿಯೂ ಧೂಳೇ, ಒಂದೇ ಸುತ್ತಿನಲ್ಲಿ ನುಂಗಿಬಿಡುತ್ತದೆ. ಆ್ಯಪಿನ ನಕ್ಷೆಯಲ್ಲಿ ದೇವರಮನೆಯ ಮುಂದೆ ಬೆರಳಿನಿಂದ ಒಂದು ಚೌಕ ಬರೆದು ‘ನೋ-ಗೋ ಝೋನ್’ ಎಂದು ಗುರುತಿಸಿದರೆ ಅದು ಆ ಕಡೆ ಸುಳಿಯುವುದಿಲ್ಲ. ಆದರೆ ಆ ಗೆರೆ ಇರುವುದು ನಕ್ಷೆಯಲ್ಲಿ, ನೆಲದ ಮೇಲಲ್ಲ. ಚಾರ್ಜಿಂಗ್ ಪೀಠವನ್ನು ಬೇರೆ ಕೋಣೆಗೆ ಸ್ಥಳಾಂತರಿಸಿದಾಗ ರೋಬೋಟ್ ಹಳೆಯ ನಕ್ಷೆಯನ್ನು ಕೈಬಿಟ್ಟು ಹೊಸದನ್ನು ಬರೆದರೆ ಗೆರೆಯೂ ಅಳಿಸಿಹೋಗುತ್ತದೆ. ದೇವರಮನೆಗೆ ಹೊಸ್ತಿಲು ಇಡಿಸುವವರಿದ್ದರೆ ಕೆಲಸ ಸುಲಭ. ಇಂಥ ರೋಬೋಟುಗಳಲ್ಲಿ ಹೆಚ್ಚಿನವು 2 ಸೆಂಟಿಮೀಟರಿಗಿಂತ ಎತ್ತರದ ಅಡ್ಡಿಯನ್ನು ಏರಲಾರವು. ಎರಡು ಇಂಚಿನ ಹೊಸ್ತಿಲು ಯಾವ ಸೆನ್ಸರೂ ಇಲ್ಲದೆ ಅದನ್ನು ಹೊರಗೇ ನಿಲ್ಲಿಸುತ್ತದೆ. ಆಗ ಒಳಗಿನ ಮಂಡಲ ಭದ್ರ, ಹೊಸ್ತಿಲ ಹೊರಗಿನ ಎಳೆ ಮಾತ್ರ ಅಪಾಯದಲ್ಲಿರುತ್ತದೆ. ಅದಕ್ಕೆ ಬೆಳಗಿನ ಐದೂವರೆಗೆ ರೋಬೋಟ್ ಗುಡಿಸಿ ಮುಗಿಸುವಂತೆ ವೇಳೆ ಗೊತ್ತುಮಾಡಿ, ಅದು ಪೀಠಕ್ಕೆ ಹಿಂದಿರುಗಿದ ಮೇಲೆ ರಂಗೋಲಿ ಹಾಕಲಿ.